ಕೀಲಿಕೈ ಸರಿ ಇದ್ದೂ ತೆರೆಯದ ಬಾಗಿಲು

ನಮ್ಮ ಕೆರೂರ ಕಡೆ ಬೀಗಕ್ಕೆ ಕೀಲಿ ಎನ್ನುತ್ತಾರೆ. ಅದನ್ನು ತೆಗೆಯುವುದಕ್ಕೆ ಕೀಲಿಕೈ. ಮೈಸೂರು ಕಡೆಯ ಬೀಗರಿಗೆ ಇದು ಗೊಂದಲ. ‘ಕೀಲಿ ಕಳೆದುಹೋಯಿತು’ ಎಂದರೆ ನಾವು ಬೀಗವನ್ನೇ ಹುಡುಕಲು ಹೊರಡುತ್ತೇವೆ. ಹೆಸರು ಏನೇ ಇರಲಿ, ಕೀಲಿಕೈ ಎಂಬುದು ನಮ್ಮ ಹೆಣ್ಣುಮಕ್ಕಳ ಬಾಳಿನಲ್ಲಿ ದೊಡ್ಡ ಮಾತು. ಹಿಂದಿನವರ ಮನೆಗಳಲ್ಲಿ ಅತ್ತೆ ಸೊಂಟದ ಗೊಂಚಲನ್ನು ಬಿಚ್ಚಿ ಸೊಸೆಯ ಕೈಗಿಟ್ಟ ದಿನವೇ ಸೊಸೆ ಆ ಮನೆಯವಳಾದ ದಿನ. ಅಲ್ಲಿಯವರೆಗೆ ಅವಳು ಅಡಿಗೆ ಮಾಡಬಹುದು, ಕಸ ಗುಡಿಸಬಹುದು, ಮಕ್ಕಳನ್ನು ಹೆರಬಹುದು. ಆದರೆ ಉಗ್ರಾಣದ ಬಾಗಿಲು ತೆಗೆಯುವಂತಿಲ್ಲ.

ಈಗಿನ ಕೀಲಿಕೈ ಕಬ್ಬಿಣದ್ದಲ್ಲ, ಸೊಂಟದಲ್ಲಿ ಸಿಕ್ಕಿಸುವಂಥದ್ದೂ ಅಲ್ಲ. ನಾಲ್ಕಾರು ಅಕ್ಷರ, ಎರಡು ಮೂರು ಅಂಕಿ, ನಡುವೆ ಒಂದು ಚಿಹ್ನೆ. ಇದಕ್ಕೆ ಪಾಸ್‌ವರ್ಡ್ ಎಂದು ಹೆಸರು. ಬ್ಯಾಂಕಿನ ಹಣಕ್ಕೂ ಮಕ್ಕಳ ಶಾಲೆಯ ಫಲಿತಾಂಶಕ್ಕೂ ಹೊಲದ ಉತಾರಕ್ಕೂ ಇದೇ ಬೇಕು. ಮರೆತರೆ ನಮ್ಮ ತಪ್ಪು, ಸರಿ. ಆದರೆ ಮರೆಯದೆ ಅಕ್ಷರ ಅಕ್ಷರ ಸರಿಯಾಗಿ ಒತ್ತಿದ ಮೇಲೂ ‘ತಪ್ಪು, ಮತ್ತೆ ಪ್ರಯತ್ನಿಸಿ’ ಎಂದು ಯಂತ್ರ ಹೇಳಿದರೆ? ಆಗ ತಪ್ಪು ಯಾರದು? ಈ ಪ್ರಶ್ನೆಯ ಹಿಂದೆ ಅರವತ್ತು ವರ್ಷಗಳ ಒಂದು ಚರಿತ್ರೆಯಿದೆ. ಅದು ರಾಜಮಹಾರಾಜರ ಚರಿತ್ರೆಯಲ್ಲವಾದ್ದರಿಂದ ಯಾರೂ ನಮಗೆ ಹೇಳುವುದಿಲ್ಲ.

ಕಂಪ್ಯೂಟರಿಗೆ ಮೊದಲು ಪಾಸ್‌ವರ್ಡ್ ಇರಲಿಲ್ಲ. ಕೋಣೆಗೇ ಕೀಲಿ ಹಾಕಿದರೆ ಸಾಕಿತ್ತು, ಯಾಕೆಂದರೆ ಒಂದು ಹೊತ್ತಿಗೆ ಒಬ್ಬರೇ ಅದನ್ನು ಬಳಸುತ್ತಿದ್ದರು. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಫರ್ನಾಂಡೊ ಕಾರ್ಬಟೊ ಎಂಬವರು 1961ರಲ್ಲಿ ಒಂದೇ ಯಂತ್ರವನ್ನು ಅನೇಕರು ಏಕಕಾಲಕ್ಕೆ ಬಳಸುವ ಏರ್ಪಾಟನ್ನು ತೋರಿಸಿದರು. ಅವಿಭಕ್ತ ಕುಟುಂಬ ಅಂದ ಮೇಲೆ ಒಬ್ಬೊಬ್ಬರಿಗೂ ತಮ್ಮದೇ ಪೆಟ್ಟಿಗೆ, ಅದಕ್ಕೊಂದು ಕೀಲಿ ಬೇಕೇ ಬೇಕಲ್ಲ! ಹಾಗೆ ಹುಟ್ಟಿತು ಪಾಸ್‌ವರ್ಡ್. ಹುಟ್ಟಿದ ಹೊಸತರಲ್ಲೇ, 1962ರಲ್ಲಿ, ಅಲನ್ ಶೆರ್ ಎಂಬ ವಿದ್ಯಾರ್ಥಿ ತನಗೆ ಕೊಟ್ಟ ಸಮಯ ಸಾಲದೆಂದು ಎಲ್ಲರ ಪಾಸ್‌ವರ್ಡುಗಳಿದ್ದ ಕಡತವನ್ನೇ ಅಚ್ಚು ಹಾಕಿಸಿಕೊಂಡ. 1966ರಲ್ಲಿ ಇನ್ನೊಂದು ಪ್ರಸಂಗ. ಎರಡು ಕಡತಗಳು ಅದಲುಬದಲಾಗಿ, ಒಳಗೆ ಬಂದವರಿಗೆಲ್ಲ ‘ಇಂದಿನ ಸೂಚನೆ’ಯ ಬದಲು ಎಲ್ಲರ ಪಾಸ್‌ವರ್ಡುಗಳೂ ಕಾಣಿಸಿದವು. ಕೀಲಿಕೈಗಳನ್ನೆಲ್ಲ ತಲೆಬಾಗಿಲ ಗೂಟಕ್ಕೆ ತೂಗುಹಾಕಿದ ಹಾಗಾಯಿತು.

ಅಲ್ಲಿಂದ ಕಲಿತ ಪಾಠ ಒಂದೇ: ಕೀಲಿಕೈಯನ್ನು ಯಂತ್ರದಲ್ಲಿ ಇಡಲೇಬಾರದು. ಹಾಗಾದರೆ ಬಂದವರು ನಿಜವಾದವರೇ ಎಂದು ಯಂತ್ರ ತಿಳಿಯುವುದು ಹೇಗೆ? ಬೆಲ್ ಪ್ರಯೋಗಾಲಯದಲ್ಲಿ ಯೂನಿಕ್ಸ್ ಎಂಬ ವ್ಯವಸ್ಥೆ ಕಟ್ಟಿದವರು ಇದಕ್ಕೆ ಕಂಡುಕೊಂಡ ಉಪಾಯವನ್ನು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಲೇಖನವಾಗಿ ಬರೆದರು. ಉಪಾಯ ನಮ್ಮ ಅಡಿಗೆಮನೆಯದೇ. ಜೋಳ ಬೀಸಿದರೆ ಹಿಟ್ಟು. ಹಿಟ್ಟಿನಿಂದ ಮತ್ತೆ ಜೋಳ ಮಾಡಲು ಬ್ರಹ್ಮನಿಂದಲೂ ಆಗದು. ಯಂತ್ರ ನಿಮ್ಮ ಪಾಸ್‌ವರ್ಡನ್ನು ಬೀಸಿ ಹಿಟ್ಟನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಮರುದಿನ ನೀವು ಬಂದಾಗ ತಂದ ಕಾಳನ್ನು ಮತ್ತೆ ಬೀಸಿ, ಎರಡು ಹಿಟ್ಟನ್ನೂ ಹೋಲಿಸಿ, ಒಂದೇ ಆಗಿದ್ದರೆ ಒಳಗೆ ಬಿಡುತ್ತದೆ. ಇಬ್ಬರ ಪಾಸ್‌ವರ್ಡ್ ಒಂದೇ ಇದ್ದರೂ ಹಿಟ್ಟು ಬೇರೆ ಕಾಣಲಿ ಎಂದು ಪ್ರತಿ ಹಿಟ್ಟಿಗೂ ಬೇರೆ ಬೇರೆ ಚಿಟಿಕೆ ಹಾಕುತ್ತಾರೆ. ಅದಕ್ಕೆ ಆ ವಿದ್ವಾಂಸರೇ ಇಟ್ಟ ಹೆಸರು ಉಪ್ಪು. ಅಡಿಗೆ ಗೊತ್ತಿದ್ದವರಿಗೆ ಕಂಪ್ಯೂಟರು ತಿಳಿಯುವುದಿಲ್ಲ ಎಂದು ಹೇಳಿದವರು ಯಾರೋ ನಾನರಿಯೆ.

ಇಲ್ಲಿ ಗಮನಿಸಬೇಕಾದ್ದು ಬೀಸುವ ಕಲ್ಲು. ಹಳೆಯ ಹಿಟ್ಟು ಯಾವ ಕಲ್ಲಿನಲ್ಲಿ ಬೀಸಿದ್ದೋ ಹೊಸ ಹಿಟ್ಟೂ ಅದೇ ಕಲ್ಲಿನದಾಗಬೇಕು. ಕಲ್ಲು ಬದಲಾದರೆ, ಅಥವಾ ಕಲ್ಲೇ ಕಾಣೆಯಾದರೆ, ಕಾಳು ಎಷ್ಟೇ ಸರಿಯಿದ್ದರೂ ಹೋಲಿಕೆ ತಪ್ಪುತ್ತದೆ. ಬಾಗಿಲು ತೆರೆಯುವುದಿಲ್ಲ.

ನಮ್ಮ ಅಜ್ಜಿಯರ ಕಾಲದಲ್ಲಿ ಮನೆಗೊಂದು ಬೀಸುವ ಕಲ್ಲು. ಬೆಳಗಿನ ಜಾವಕ್ಕೆದ್ದು, ಹಾಡು ಹೇಳುತ್ತ ಬೀಸಿದರೆ ಆ ದಿನದ ರೊಟ್ಟಿಗೆ ಹಿಟ್ಟು. ಆಮೇಲೆ ಓಣಿಗೆ ಗಿರಣಿ ಬಂತು. ರಟ್ಟೆಯ ನೋವು ಹೋಯಿತು. ಕಂಪ್ಯೂಟರಿನ ಚರಿತ್ರೆಯೂ ಇದೇ ದಾರಿ ಹಿಡಿಯಿತು. ಮೊದಮೊದಲು ಪ್ರತಿಯೊಂದು ತಂತ್ರಾಂಶವೂ ತನಗೆ ಬೇಕಾದ ಸಾಮಾನನ್ನೆಲ್ಲ ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತಿತ್ತು. ಒಂದೇ ಕೆಲಸದ ಪ್ರತಿಗಳು ನೂರು ಕಡೆ. ಜಾಗ ದಂಡ, ಒಂದರಲ್ಲಿ ದೋಷ ಕಂಡರೆ ನೂರರಲ್ಲೂ ತಿದ್ದಬೇಕು. ಎಲ್ಲರಿಗೂ ಸೇರಿ ಒಂದೇ ಸಾಮಾನು ಇಟ್ಟರೆ ಹೇಗೆ ಎಂಬ ವಿಚಾರ 1960ರ ದಶಕದ ಮಲ್ಟಿಕ್ಸ್ ಎಂಬ ವ್ಯವಸ್ಥೆಯಲ್ಲೇ ಇತ್ತು. ಸನ್ ಕಂಪನಿ 1988ರಲ್ಲಿ ತನ್ನ ಯೂನಿಕ್ಸಿಗೆ ಇದನ್ನು ತಂದಿತು. ಇಂಗ್ಲಿಷಿನವರು ಇದಕ್ಕೆ ಷೇರ್ಡ್ ಲೈಬ್ರರಿ ಎನ್ನುತ್ತಾರೆ. ಲೈಬ್ರರಿ ಎಂದೊಡನೆ ಪುಸ್ತಕದ ಅಲಮಾರು ಕಣ್ಣಿಗೆ ಕಟ್ಟುತ್ತದೆ. ಓಣಿಯ ಗಿರಣಿ ಎಂದುಕೊಂಡರೇ ನಮಗೆ ಸುಲಭ. ಪಾಸ್‌ವರ್ಡ್ ಬೀಸುವ ಕೆಲಸವೂ ಇಂಥ ಒಂದು ಗಿರಣಿಗೆ ಹೋಯಿತು.

ಗಿರಣಿ ಬಂದದ್ದರಿಂದ ಸುಖವಾಯಿತು, ನಿಜ. ಆದರೆ ಗಿರಣಿಯ ಬೆಲ್ಟು ಹರಿದ ದಿನ ಇಡೀ ಓಣಿಗೆ ರೊಟ್ಟಿಯಿಲ್ಲ.

ಈ ಗಿರಣಿಗಳಿಗೆ ಒಂದೊಂದು ಸಂಖ್ಯೆ ಇರುತ್ತದೆ. ಇಂಥ ತಂತ್ರಾಂಶಕ್ಕೆ 5ನೆಯ ನಂಬರಿನದೇ ಬೇಕು, ಅಂಥದ್ದಕ್ಕೆ 6ನೆಯದೇ ಬೇಕು. ನಮ್ಮ ಇಳಕಲ್ಲ ಸೀರೆಯನ್ನು ನೆನಪಿಸಿಕೊಳ್ಳಿ. ಅದರ ಒಡಲಿನ ಹಾಸು ಬೇರೆ, ಟೋಪ ತೆನಿ ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡನ್ನೂ ಬೇರೆ ಬೇರೆಯಾಗಿ ಹೂಡಿ, ಒಡಲಿನ ಎಳೆಗಳ ಕುಣಿಕೆಗೆ ಸೆರಗಿನ ಎಳೆಗಳ ಕುಣಿಕೆ ಹಾಕಿ ಕೂಡಿಸುತ್ತಾರೆ. ಇದೇ ಕೊಂಡಿ. ಹೀಗೆ ಕೊಂಡಿ ಹಾಕುವುದಾದರೆ ಹಾಸನ್ನು ಒಂದು ಸಲಕ್ಕೆ ಒಂದೇ ಸೀರೆಯ ಅಳತೆಗೆ ಹೂಡಬೇಕಾಗುತ್ತದೆ. ಒಡಲಿನ ಎಳೆಗೂ ಸೆರಗಿನ ಎಳೆಗೂ ಲೆಕ್ಕ ಕೂಡದಿದ್ದರೆ ಸೀರೆಯೇ ಆಗದು. ಒಡಲೂ ಒಳ್ಳೆಯದೇ, ಸೆರಗೂ ಒಳ್ಳೆಯದೇ; ತಪ್ಪಿರುವುದು ನಡುವಿನ ಕೊಂಡಿ. ಕಂಪ್ಯೂಟರನ್ನು ಹಳೆಯದರಿಂದ ಹೊಸ ಆವೃತ್ತಿಗೆ ಏರಿಸುವಾಗ ಆಗುವ ತೊಂದರೆಗಳಲ್ಲಿ ಬಹುಪಾಲು ಇಂಥ ಕೊಂಡಿ ತಪ್ಪಿದ ತೊಂದರೆಗಳೇ.

ಲಿನಕ್ಸ್ ಬಳಸುವವರಿಗೆ ಇದರ ದೊಡ್ಡ ಅನುಭವ ಆದದ್ದು 1997–98ರಲ್ಲಿ. ಆಗ ಇಡೀ ವ್ಯವಸ್ಥೆಯ ಮೂಲ ಗಿರಣಿಯೇ 5ನೆಯ ನಂಬರಿನಿಂದ 6ಕ್ಕೆ ಬದಲಾಯಿತು. ರೆಡ್ ಹ್ಯಾಟ್ 1997ರ ಡಿಸೆಂಬರಿನಲ್ಲಿ, ಡೆಬಿಯನ್ 1998ರ ಜುಲೈನಲ್ಲಿ ಹೊಸದಕ್ಕೆ ಹೊರಳಿದವು. ಹಳೆಯ ತಂತ್ರಾಂಶಗಳಿಗಾಗಿ ಹಳೆಯ ಗಿರಣಿಯನ್ನೂ ಪಕ್ಕದಲ್ಲಿ ನಡೆಸಬೇಕಾಯಿತು. ಅದಕ್ಕೂ ಮುಂಚೆ 1995ರಲ್ಲಿ ಸನ್ ಕಂಪನಿಯ ವಿಪಿನ್ ಸಮರ್ ಮತ್ತು ಚಾರ್ಲಿ ಲೈ ಅವರು ‘ಪ್ಯಾಮ್’ ಎಂಬ ಏರ್ಪಾಟನ್ನು ಮುಂದಿಟ್ಟಿದ್ದರು. ಬಾಗಿಲು ಕಾಯುವವನು ತಾನೇ ಪರೀಕ್ಷೆ ಮಾಡದೆ, ಬಂದವರ ಗುರುತು ಹಿಡಿಯುವ ಬೇರೆ ಬೇರೆ ಜನರನ್ನು ಹೊರಗಿನಿಂದ ಕರೆಸಿ ಕೇಳುವ ಪದ್ಧತಿ ಅದು. ಇದರಿಂದ ಅನುಕೂಲ ಬಹಳ. ಇಂದು ಪಾಸ್‌ವರ್ಡ್, ನಾಳೆ ಬೆರಳಿನ ಗುರುತು, ಯಾವುದನ್ನು ಬೇಕಾದರೂ ಸೇರಿಸಬಹುದು. ಆದರೆ ಕೊಂಡಿಗಳ ಸಂಖ್ಯೆಯೂ ಹೆಚ್ಚಿತು.

ಒಂದು ವಿಚಿತ್ರ ನೋಡಿ. ಕಂಪ್ಯೂಟರಿನ ಪರದೆಗೆ ಕೀಲಿ ಹಾಕಿ ನೀವು ಚಹಾಕ್ಕೆ ಎದ್ದು ಹೋಗಿರುತ್ತೀರಿ. ಅಷ್ಟರಲ್ಲಿ ಹಿಂದಿನಿಂದ ವ್ಯವಸ್ಥೆ ಹೊಸದಾಗುತ್ತದೆ. ಪರದೆ ಕಾಯುವ ತಂತ್ರಾಂಶ ಬೆಳಗಿನಿಂದ ಎಚ್ಚರವಾಗಿದ್ದುದರಿಂದ ಅದರ ತಲೆಯಲ್ಲಿ ಹಳೆಯ ಗಿರಣಿಯೇ ಇದೆ. ನೀವು ಬಂದು ಪಾಸ್‌ವರ್ಡ್ ಒತ್ತಿದಾಗ ಅದು ಡಿಸ್ಕಿನಿಂದ ಕರೆಸುವ ಸಹಾಯಕ ಮಾತ್ರ ಹೊಸಬ. ಇಬ್ಬರ ಭಾಷೆ ಹೊಂದುವುದಿಲ್ಲ. ನಿಮ್ಮ ಮನೆಯಲ್ಲೇ ನೀವು ಹೊರಗೆ. ಇದು ಎಷ್ಟು ಸಾಮಾನ್ಯವಾಗಿತ್ತೆಂದರೆ ಡೆಬಿಯನ್ನಿನವರು ಇಂಥ ಸಮಯದಲ್ಲಿ ‘ಪರದೆಯ ಕಾವಲುಗಾರನನ್ನು ಮೊದಲು ನಿಲ್ಲಿಸಿ, ಇಲ್ಲವಾದರೆ ಬಳಸುವವರು ಹೊರಗುಳಿಯುತ್ತಾರೆ’ ಎಂಬರ್ಥದ ಎಚ್ಚರಿಕೆಯನ್ನೇ ತೋರಿಸತೊಡಗಿದರು.

2021ರ ಆಗಸ್ಟಿನಲ್ಲಿ ಅದೇ ಡೆಬಿಯನ್ನಿನ 11ನೆಯ ಆವೃತ್ತಿ ಬಂತು. ಅದರಲ್ಲಿ ಪಾಸ್‌ವರ್ಡ್ ಬೀಸುವ ಗಿರಣಿಯನ್ನು ಮೂಲ ಕಟ್ಟಿನಿಂದ ತೆಗೆದು ಬೇರೆ ಕಟ್ಟಾಗಿ ಮಾಡಲಾಗಿತ್ತು. ಏರಿಸುವ ಕೆಲಸ ಒಂದು ಬಗೆಯ ಅನುಕ್ರಮದಲ್ಲಿ ನಡೆದರೆ ಹಳೆಯ ಗಿರಣಿ ಹೋಗಿ, ಹೊಸದು ಇನ್ನೂ ಬಂದಿರದ ಒಂದು ಗಳಿಗೆ ಬರುತ್ತಿತ್ತು. ಆ ಗಳಿಗೆಯಲ್ಲಿ ಕೆಲಸ ನಿಂತುಹೋದರೆ ಹೊಸದಾಗಿ ಒಳಬರಲು ಯಾರಿಗೂ ಸಾಧ್ಯವಿಲ್ಲ. ಇದರ ಜೊತೆಗೆ ಬೀಸುವ ಪದ್ಧತಿಯೂ ಬದಲಾಗಿತ್ತು. ಹೊಸ ಪದ್ಧತಿಯ ಹಿಟ್ಟನ್ನು ಹಳೆಯ ಯಂತ್ರಕ್ಕೆ ಒಯ್ದರೆ ಅಲ್ಲಿಯ ಹಳೆಯ ಗಿರಣಿಗೆ ಅದು ಏನೆಂದೇ ತಿಳಿಯದು.

ಇದೆಲ್ಲ ದೂರದ ಸುದ್ದಿ ಎಂದುಕೊಂಡವರಿಗೆ ನಮ್ಮ ಊರಿನ ಒಂದು ಮಾತು ಹೇಳಬೇಕು. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಲ್ಲಿರುವ ನಮ್ಮ ಕೆರೂರು ಸಣ್ಣ ಊರಾದರೂ ಪತ್ತಿನ ಸಂಘಗಳಿಗೆ ಕೊರತೆಯಿಲ್ಲ. ಅಂಥ ಒಂದು ಸಂಘದಲ್ಲಿ, 2022ರ ಎಳ್ಳಮಾಸಿಯ ಮುಂದಿನ ದಿನಗಳಲ್ಲಿ, ಬೆಳಿಗ್ಗೆ ಕಂಪ್ಯೂಟರು ತೆರೆಯಲಿಲ್ಲ. ಹಣ ಬಿಡಿಸಲು ನಾನೂ ಸಾಲಿನಲ್ಲಿದ್ದೆ. ನನ್ನ ಮುಂದಿದ್ದ ಮುದುಕಿಗೆ ಮೊಮ್ಮಗಳ ಬಾಣಂತನದ ಖರ್ಚಿಗೆ ದುಡ್ಡು ಬೇಕಿತ್ತು. ಮೇಜಿನ ಹಿಂದಿದ್ದ ಹುಡುಗಿಗೆ ಇಪ್ಪತ್ತೆರಡು ಇಪ್ಪತ್ಮೂರು ವರ್ಷವಿರಬೇಕು. ಒತ್ತುತ್ತಾಳೆ, ಒರೆಸುತ್ತಾಳೆ, ಮತ್ತೆ ಒತ್ತುತ್ತಾಳೆ. ಅವಳ ಹಿಂದೆ ನಿಂತ ಹಿರಿಯರೊಬ್ಬರು ಎಲ್ಲರಿಗೂ ಕೇಳುವ ಹಾಗೆ, “ಪಾಸ್‌ವರ್ಡ್ ಮರ್ತಾಳ್ರಿ. ಹೊತ್ತಾನ ಫೋನಿನ್ಯಾಗ ಇದ್ರ ಇನ್ನೇನ ಆಗತೈತಿ” ಎಂದರು. ಹುಡುಗಿ ನನ್ನ ಕಡೆ ನೋಡಿ, “ಇಲ್ರಿ ಅಕ್ಕಾರ, ಮೂರ ವರ್ಷದಿಂದ ಅದ ಐತ್ರಿ. ನಿನ್ನಿ ಸಂಜೀಕ ಅಪ್‌ಡೇಟ ಹಚ್ಚಿದ್ರು, ನಡುವ ಕರೆಂಟ ಹೋತ್ರಿ” ಎಂದಳು. ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ‘ಯಾರಿಗೋ ಪಾಸ್‌ವರ್ಡ್ ಹೇಳಿದ್ದಾಳಂತೆ, ಅವರೇ ಬದಲಿಸಿದ್ದಾರಂತೆ’ ಎಂಬಲ್ಲಿಗೆ ಮಾತು ಬೆಳೆದಿತ್ತು. ಹಣದ ವ್ಯವಹಾರವಿರುವ ಕಡೆ ಇಂಥ ಮಾತು ಒಬ್ಬ ಹುಡುಗಿಯ ಕೆಲಸವನ್ನಷ್ಟೇ ಅಲ್ಲ, ಅವಳ ಮದುವೆಯನ್ನೂ ತಪ್ಪಿಸಬಲ್ಲದು ಎಂಬುದು ನಮಗೆಲ್ಲ ಗೊತ್ತು.

ಮರುದಿನ ಬಾಗಲಕೋಟೆಯಿಂದ ಒಬ್ಬ ಹುಡುಗ ಬಂದ. ಅವನು ಯಾರನ್ನೂ ಬೈಯಲಿಲ್ಲ, ಪಾಸ್‌ವರ್ಡನ್ನೂ ಕೇಳಲಿಲ್ಲ. ಕೇಳಿದ್ದು ಒಂದೇ ಮಾತು: “ನಿನ್ನೆ ಮೊನ್ನೆ ಏನ ಬದಲಿ ಮಾಡೀರಿ?” ಹುಡುಗಿ ಹಿಂದಿನ ದಿನ ಹೇಳಿದ್ದನ್ನೇ ಮತ್ತೆ ಹೇಳಿದಳು. ಅವನು ತಲೆಯಾಡಿಸಿ ಕೆಲಸಕ್ಕೆ ಕುಳಿತ.

ಅವನು ಮಾಡಿದ್ದನ್ನು ಪಕ್ಕದಲ್ಲಿ ನಿಂತು ಕೇಳಿ ತಿಳಿದುಕೊಂಡೆ. ತಿಳಿದಿರಲಿ ಎಂದು ಇಲ್ಲಿ ಬರೆಯುತ್ತೇನೆ. ಮುಂಬಾಗಿಲು ತೆರೆಯದಿದ್ದಾಗ ಹಿತ್ತಲ ಬಾಗಿಲಿನಿಂದ ಹೋಗಬೇಕು. ಅವನ ಪೆನ್ ಡ್ರೈವಿನಲ್ಲಿ ಒಂದು ಪೂರ್ಣ ವ್ಯವಸ್ಥೆಯೇ ಇತ್ತು. ಅದರಿಂದ ಯಂತ್ರವನ್ನು ಎಬ್ಬಿಸಿ, ಸಂಘದ ಡಿಸ್ಕನ್ನು ಅದಕ್ಕೆ ಜೋಡಿಸಿದ. ಒಳಗೆ ಬಾಗಿಲ ಕಾವಲಿನ ದಿನಚರಿ ಬರೆದಿಡುವ ಕಡತವಿರುತ್ತದೆ. ಪರದೆಯ ಮೇಲೆ ಬರಿಯ ‘ತಪ್ಪು’ ಎಂದಿದ್ದರೆ ಅಲ್ಲಿ ನಿಜವಾದ ಕಾರಣ ಬರೆದಿತ್ತು: ಗಿರಣಿಯ ಕಡತ ಸಿಗಲಿಲ್ಲ. ಯಾವ ತಂತ್ರಾಂಶಕ್ಕೆ ಯಾವ ಯಾವ ಗಿರಣಿ ಬೇಕು, ಅವುಗಳಲ್ಲಿ ಯಾವುದು ಕಾಣೆಯಾಗಿದೆ ಎಂದು ಪಟ್ಟಿ ಕೊಡುವ ‘ಎಲ್‌ಡಿಡಿ’ ಎಂಬ ಆಜ್ಞೆಯಿದೆ. ಅದರಿಂದ ಖಾತ್ರಿ ಮಾಡಿಕೊಂಡು, ಕಾಣೆಯಾದ ಕಟ್ಟನ್ನು ತಂದು ಅದರ ಜಾಗದಲ್ಲಿ ಇಟ್ಟ. ಕರೆಂಟು ಹೋಗಿ ಅರ್ಧಕ್ಕೆ ನಿಂತಿದ್ದ ಕೆಲಸವನ್ನು ಪೂರ್ತಿ ಮಾಡಿಸಿದ.

ಆಮೇಲೆ ‘ಎಲ್‌ಡಿಕಾನ್ಫಿಗ್’ ಎಂಬ ಇನ್ನೊಂದು ಆಜ್ಞೆ. ಇದು ಯಾವ ಗಿರಣಿ ಎಲ್ಲಿದೆ ಎಂಬ ವಿಳಾಸದ ಪಟ್ಟಿಯನ್ನು ಹೊಸದಾಗಿ ಬರೆಯುತ್ತದೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಮನೆಗಳು ಮುಳುಗಿ ಜನ ನವನಗರಕ್ಕೆ ಹೋದರಲ್ಲ, ಅಂಥ ಹೊತ್ತಿನಲ್ಲಿ ಅಂಚೆಯವನ ಬಳಿ ಹಳೆಯ ಪಟ್ಟಿಯೇ ಇದ್ದರೆ ಕಾಗದ ನೀರಿನ ದಡದವರೆಗೆ ಹೋಗಿ ಹಿಂದಿರುಗಬೇಕಷ್ಟೆ. ಮನೆಯವರೂ ಇದ್ದಾರೆ, ಕಾಗದವೂ ಇದೆ, ಪಟ್ಟಿ ಮಾತ್ರ ಹಳೆಯದು.

ಕೊನೆಗೆ ಯಂತ್ರವನ್ನು ಮತ್ತೆ ಹೊಸದಾಗಿ ಎಬ್ಬಿಸಿ, ಹುಡುಗಿಯನ್ನೇ ಕರೆದು ಪಾಸ್‌ವರ್ಡ್ ಒತ್ತಲು ಹೇಳಿದ. ಮೂರು ವರ್ಷದ ಅದೇ ಪಾಸ್‌ವರ್ಡ್. ಬಾಗಿಲು ತೆರೆಯಿತು. ಹೋಗುವಾಗ ಅವನು ಇನ್ನೊಂದು ಬುದ್ಧಿವಾದ ಹೇಳಿದ: ಇಂಥ ಕೆಲಸ ಹಚ್ಚುವಾಗ ಒಳಗಿರುವವರು ಒಬ್ಬರು ಒಳಗೇ ಇರಬೇಕು. ಎರಡನೆಯವರು ಹೊರಗಿನಿಂದ ಬಂದು ಬಾಗಿಲು ತೆರೆಯುತ್ತದೆ ಎಂದು ನೋಡಿದ ಮೇಲೆಯೇ ಮೊದಲನೆಯವರು ಹೊರಬರಬೇಕು. ಮನೆಗೆ ಹೊಸ ಕೀಲಿ ಹಚ್ಚಿಸಿದಾಗ ನಾವು ಮಾಡುವುದೂ ಇದನ್ನೇ. ಮುದುಕಿಗೆ ಅಂದು ಹಣ ಸಿಕ್ಕಿತು. ಹುಡುಗಿಗೆ ಮಾತ್ರ ಯಾರೂ ‘ನಿನ್ನದು ತಪ್ಪಿರಲಿಲ್ಲವ್ವಾ’ ಎಂದು ಹೇಳಿದ್ದನ್ನು ನಾನು ಕೇಳಲಿಲ್ಲ.

ಸರಿಯಾದ ಕೀಲಿಕೈ ಹಿಡಿದು ಹೊರಗೆ ನಿಲ್ಲುವುದು ನಮ್ಮ ಭಾಗಕ್ಕೆ ಹೊಸದಲ್ಲ. 1956ರ ನವೆಂಬರ್ 1ರವರೆಗೆ ನಾವು ಮುಂಬಯಿ ರಾಜ್ಯದವರು. ನಮ್ಮ ಸೀಮೆಯ ಹಳೆಯ ದಫ್ತರಗಳಲ್ಲಿ ಮೋಡಿ ಲಿಪಿಯ ಕಾಗದಗಳಿವೆ. ಹಕ್ಕಿನ ಕಾಗದ ಪೆಟ್ಟಿಗೆಯಲ್ಲಿ ಭದ್ರವಾಗಿದ್ದರೂ ಅದನ್ನು ಓದಬಲ್ಲವರು ಕಡಿಮೆಯಾದಂತೆ ಆ ಹಕ್ಕೂ ಮೂಕವಾಯಿತು. 1997ರ ಆಗಸ್ಟ್ 15ರಂದು ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. ಅಲ್ಲಿಯವರೆಗೆ ಬಿಜಾಪುರದ ಹೆಸರಿನಲ್ಲಿದ್ದ ನಮ್ಮ ಕಾಗದಪತ್ರಗಳಿಗೆ ಹೊಸ ಕಚೇರಿ, ಹೊಸ ಮೊಹರು. 2000ದ ಆಚೀಚೆ ‘ಭೂಮಿ’ ಯೋಜನೆ ಬಂದು ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರು ಸೇರಿದವು. ಕೈಬರಹದ ಉತಾರದ ಕಾಲ ಮುಗಿಯಿತು. ಅಲ್ಲಿ ದಾಖಲೆ ತಿದ್ದುವ ನೌಕರರು ಬೆರಳಿನ ಗುರುತು ಕೊಟ್ಟೇ ಒಳಹೋಗಬೇಕು, ‘ನಾನಲ್ಲ, ನನ್ನ ಪಾಸ್‌ವರ್ಡ್ ಕದ್ದರು’ ಎನ್ನುವಂತಿಲ್ಲ ಎಂಬ ಏರ್ಪಾಟು ಮಾಡಿದರು. ಒಳ್ಳೆಯದೇ ಆಯಿತು.

ಆದರೆ ಬೆರಳೂ ಒಂದು ಕೀಲಿಕೈಯಾದಾಗ ಬೆರಳು ಸವೆದವರ ಗತಿ? ರೇಷನ್ ಅಂಗಡಿಯ ಮುಂದೆ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿ ಒರೆಸಿ ಒತ್ತುವ ಮುದುಕಿಯರನ್ನು ನೀವೂ ನೋಡಿರುತ್ತೀರಿ. ನೂಲು ಎಳೆದು, ಪಾತ್ರೆ ತಿಕ್ಕಿ, ಕಳೆ ಕಿತ್ತು ಗೆರೆಗಳೇ ಅಳಿಸಿವೆ. ಯಂತ್ರ ‘ಹೊಂದುತ್ತಿಲ್ಲ’ ಎನ್ನುತ್ತದೆ. ಜನ ‘ಸರಿಯಾಗಿ ಒತ್ತವ್ವಾ’ ಎನ್ನುತ್ತಾರೆ. ಅವಳು ಅವಳೇ ಅಲ್ಲವೆಂದು ಯಂತ್ರ ಹೇಳಿದರೆ ನಂಬುವಷ್ಟು ಬೇಗ, ಅವಳ ಮಾತನ್ನು ನಾವು ನಂಬುವುದಿಲ್ಲ.

ಹಾಗಾದರೆ ಈ ಹೊಸದಾಗಿಸುವ ಗೊಡವೆಯೇ ಬೇಡ, ಹಳೆಯದೇ ಇರಲಿ ಎನ್ನಬಹುದೆ? ಅದೂ ಆಗದು. 2014ರ ಏಪ್ರಿಲಿನಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷ ಬೆಳಕಿಗೆ ಬಂತು. ಜಗತ್ತಿನ ಅಸಂಖ್ಯ ಯಂತ್ರಗಳು ಹಂಚಿಕೊಂಡಿದ್ದ ಒಂದು ಗಿರಣಿಯಲ್ಲಿ ಎರಡು ವರ್ಷದಿಂದ ಬಿರುಕಿತ್ತು. ಅದರ ಸಂದಿನಿಂದ ಪಾಸ್‌ವರ್ಡುಗಳೇ ಸೋರಬಹುದಿತ್ತು. ಹಳೆಯದನ್ನೇ ಇಟ್ಟುಕೊಂಡವರ ಬಾಗಿಲು ಕಳ್ಳರಿಗೆ ತೆರೆದೇ ಇತ್ತು. ಹೊಸದೆಂದು ಕಣ್ಣು ಮುಚ್ಚಿ ಮನೆಗೆ ತರುವಂತೆಯೂ ಇಲ್ಲ. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞ ತನ್ನ ಯಂತ್ರದ ಒಳಗೆ ಹೋಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಗಮನಿಸಿದ. ಯಾಕೆ ಎಂದು ಬೆನ್ನುಹತ್ತಿ ಹೋದರೆ, ‘ಎಕ್ಸ್‌ಜೆಡ್’ ಎಂಬ ಹಂಚಿಕೆಯ ಗಿರಣಿಯ ಹೊಚ್ಚ ಹೊಸ ಆವೃತ್ತಿಯೊಳಗೆ ಯಾರೋ ಕಳ್ಳಬಾಗಿಲು ಇಟ್ಟಿದ್ದರು. ಹಾಲು ಕಾಯುವ ಸಪ್ಪಳದಲ್ಲಿ ಆದ ಬದಲಾವಣೆಯಿಂದಲೇ ಉಕ್ಕುವುದನ್ನು ತಿಳಿಯುವ ನಮಗೆ ಆ ಅರ್ಧ ಸೆಕೆಂಡಿನ ಬೆಲೆ ಅರ್ಥವಾಗಬೇಕು.

ಹಳೆಯದನ್ನು ಬಿಡಲೇಬೇಕು, ಹೊಸದನ್ನು ತರಲೇಬೇಕು. ಕೆಲಸ ಇರುವುದು ನಡುವಿನ ಕೊಂಡಿಯಲ್ಲಿ. ನೇಕಾರರು ಸೆರಗು ಹೂಡುವಾಗ ಒಂದೊಂದೇ ಕುಣಿಕೆಯನ್ನು ಬೆರಳಿನಿಂದ ಮುಟ್ಟಿ ನೋಡುವ ಹಾಗೆ ನೋಡಬೇಕು. ಕರೆಂಟು ಇದೆಯೇ, ಹಳೆಯದರ ಒಂದು ಪ್ರತಿ ತೆಗೆದಿಟ್ಟಿದೆಯೇ, ಒಳಗೊಬ್ಬರು ಇದ್ದಾರೆಯೇ ಎಂದು ಕೇಳಿಕೊಂಡು ಕೈಹಚ್ಚಬೇಕು. ಸಂತೆಯ ಮುಂದಿನ ದಿನ, ಹಬ್ಬದ ಮುಂದಿನ ದಿನ ಹಚ್ಚಬಾರದು.

ಮತ್ತು ಎಲ್ಲೋ ಒಂದು ಬಾಗಿಲು ತೆರೆಯದೆ ನಿಂತ ದಿನ, ಅದು ಸಂಘವಿರಲಿ, ಶಾಲೆಯಿರಲಿ, ಮನೆಯ ಫೋನೇ ಇರಲಿ, ಕೀಲಿಕೈ ಹಿಡಿದವಳನ್ನು ಬೈಯುವ ಮುಂಚೆ ಆ ಬಾಗಲಕೋಟೆಯ ಹುಡುಗ ಕೇಳಿದ ಮಾತನ್ನು ಕೇಳೋಣ: ನಿನ್ನೆ ಮೊನ್ನೆ ಏನು ಬದಲಾಯಿತು? ಅವಳಿಗೆ ಉತ್ತರ ಗೊತ್ತಿರುತ್ತದೆ. ಹೇಳುವುದಕ್ಕೆ ಬಿಟ್ಟರೆ ಹೇಳುತ್ತಾಳೆ.